ಹಗೇವಿಗೆಲ್ಲಿಯ ಮೂಲೆ

ಸುಳ್ಳು ಹೇಳುವುದಕ್ಕೂ ಒಂದಿಷ್ಟು ತಿಳಿದಿರಬೇಕು. ನನಗೆ ತಿಳಿದಿರಲಿಲ್ಲ.

ಹೆಬ್ಬಾಳದ ಕಾರ್ಖಾನೆಗಳಾಚೆ, ತವರಿನವರು ಅರಿಶಿನ ಕುಂಕುಮಕ್ಕೆಂದು ನಮ್ಮವ್ವನಿಗೆ ಬಿಟ್ಟುಕೊಟ್ಟ ಚೂರು ಜಾಗವಿದೆ. ಅವ್ವ ಅಂದರೆ ಪುಟ್ಟತಾಯಮ್ಮ. ವಯಸ್ಸು ಎಪ್ಪತ್ತನಾಲ್ಕು. ಮದುವೆಯಾದ ಮೇಲೆ ಬಾಡಿಗೆ ಮನೆಗಳಲ್ಲೇ ಬಾಳಿದವಳು. ಸ್ವಂತ ಮನೆಯಲ್ಲಿ ಹಾಲುಕ್ಕಿಸಬೇಕೆಂಬುದೊಂದೇ ಆಸೆ. ಮನೆ ಕಟ್ಟಲು ಮೊದಲು ನೀರಿನ ಸಂಪು ಅಗೆಸುವಾಗ ಜೆಸಿಬಿ ಹಲ್ಲಿಗೆ ಚಪ್ಪಡಿಯೊಂದು ಸಿಕ್ಕಿ ಒಡೆಯಿತು. ಕೆಳಗೆ ನಾಲ್ಕು ಕಲ್ಲು ನಿಲ್ಲಿಸಿ ಮಾಡಿದ ತೊಟ್ಟಿ, ಒಳಗೆಲ್ಲ ಮಣ್ಣು. ಯಾವನೋ ಪುಣ್ಯಾತ್ಮ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದ. ಮೂರನೇ ದಿನಕ್ಕೆ ಪುರಾತತ್ವದವರು ಹಾಜರು.

ಬಂದವರು ಗಾರ್ಗಿ ಮೇಡಂ. ಮೂರು ಸಾವಿರ ವರ್ಷದ ಸಮಾಧಿ ಇರಬಹುದು, ಹಾಗಿದ್ದರೆ ಜಾಗವನ್ನು ಸಂರಕ್ಷಣೆಗೆ ಸೇರಿಸಬೇಕಾಗುತ್ತದೆ, ಮನೆ ಕಟ್ಟುವಂತಿಲ್ಲ ಎಂದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಸಮಾಧಿ ಅಲ್ಲ ಮೇಡಂ, ಹಗೇವು. ನಮ್ಮ ತಾತನ ಕಾಲದಲ್ಲಿ ರಾಗಿ ತುಂಬಿ ಮುಚ್ಚಿಡ್ತಿದ್ದ ಗುಂಡಿ."

ಅವರು ಅನುಮಾನಕ್ಕೆ ಬಿದ್ದರು. ಹೋದ ವರ್ಷ ಇನ್ನೊಂದೂರಿನಲ್ಲಿ ಸಮಾಧಿ ಎಂದು ಬರೆದು, ಅಗೆದರೆ ಹಗೇವೇ ಸಿಕ್ಕಿ ನಗೆಪಾಟಲಾಗಿದ್ದರಂತೆ. ಇಲ್ಲಿ ಅಗೆಯಲು ಮೇಲಿನವರ ಅಪ್ಪಣೆ ಬೇಕು, ಅಪ್ಪಣೆಗೆ ಇವರ ವರದಿ ಬೇಕು. ನಿಮ್ಮ ಮನೆಯ ಹಿರಿಯರನ್ನು ಕೇಳಿ ಶುಕ್ರವಾರ ಬರೆಯುತ್ತೇನೆ ಎಂದು ಹೊರಟರು.

ಆ ನಾಲ್ಕು ದಿನ ಕಾರ್ಖಾನೆಯಲ್ಲಿ ಮಿಷಿನ್ ಮುಂದೆ ನಿಂತರೂ ಕಣ್ಣಿಗೆ ಅದೇ ತೊಟ್ಟಿ. ಹೋಗಿ ಮಣ್ಣು ಕೆದಕಿದೆ. ಪೂರ್ವದ ಕಲ್ಲಿನಲ್ಲಿ ತಟ್ಟೆಯಗಲದ ದುಂಡನೆಯ ತೂತು ಕಂಡಿತು. ಫೋನಿನಲ್ಲಿ ಹುಡುಕಿದೆ: ಇಂಥ ತೂತು ಹಳೆಯ ಸಮಾಧಿಗಳದೇ ಗುರುತು. ಅದಕ್ಕೆ ಕಲ್ಲು ತುರುಕಿ ಮಣ್ಣು ಮೆತ್ತಿದೆ. ಮಂಡಿನೋವಿನ ಅವ್ವ ಇನ್ನೂ ತೊಟ್ಟಿಯನ್ನು ನೋಡಿರಲಿಲ್ಲ. ಅವಳಿಗೂ ಪಾಠ ಮಾಡಿದೆ. "ಕೇಳಿದ್ರೆ ಹಗೇವು ಅನ್ನು, ಅಷ್ಟೇ. ಮಾತು ಬೆಳೆಸಬ್ಯಾಡ."

"ಆಯ್ತು ಬುಡು" ಅಂದಳು.

ಶುಕ್ರವಾರ ಅವ್ವನನ್ನು ಜಾಗಕ್ಕೆ ಕರೆತಂದೆ. ಮೇಡಂ ಕೇಳಿದರು, "ಅಜ್ಜಿ, ಇದು ಹಗೇವಾ?"

"ಊಂ ಕಣವ್ವ, ಅಗೇವು."

ಅವರು ಬರೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಇಷ್ಟಕ್ಕೇ ಹೊರಟಿದ್ದರೆ ಅವರ ಗಂಟೇನು ಹೋಗುತ್ತಿತ್ತು! ಸುಮ್ಮನಿರಲಾರದೆ ಇನ್ನೊಂದು ಕೇಳಿದರು. "ನೀವು ಯಾವತ್ತಾದರೂ ಹಗೇವಿಗೆ ಇಳಿದಿದ್ದೀರಾ?"

ಅವ್ವನ ಮುಖ ಅರಳಿತು. "ಇಳೀದೆ ಏನವ್ವ! ಬಾಯಿ ತೆಗೆದ ತಕ್ಷಣ ಇಳಿಯಂಗಿಲ್ಲ, ಒಳಗಿನ ಗಾಳಿಗೆ ಜೀವ ಓಯ್ತದೆ. ಮೊದ್ಲು ಲಾಟೀನು ಇಳಿಬುಟ್ಟು ನೋಡೋರು. ಆರದಿದ್ರೆ ನನ್ನಂಥ ಸಣ್ಣ ಉಡುಗೀರ್ನ ಇಳಿಸೋರು. ಗಡಿಗೆ ಒಳಗೆ ಕೂತಂಗೆ, ಸುತ್ತ ದುಂಡಗೆ. ಮೂಲೆ ಗೀಲೆ ಇದ್ರೆ ರಾಗಿ ಮುಗ್ಗಲು ಇಡೀತದೆ ಕಣವ್ವ. ಮೂಲೆ ಇಟ್ಟು ಅಗೇವು ಮಾಡೋ ಮುಟ್ಠಾಳ ಯಾವನು..."

ಅವ್ವ ತೊಟ್ಟಿಯೊಳಗೆ ಬಗ್ಗಿ ನೋಡಿದಳು. ನಾಲ್ಕು ಕಲ್ಲು, ನಾಲ್ಕು ಮೂಲೆ. ತೂತು ಮುಚ್ಚುವ ಗಡಿಬಿಡಿಯಲ್ಲಿ ನನಗೆ ಮೂಲೆಯೇ ಕಂಡಿರಲಿಲ್ಲ. ಜನ್ಮದಲ್ಲಿ ಹಗೇವು ನೋಡಿದ್ದರೆ ತಾನೆ!

ಮೇಡಂ ಮೆಲ್ಲಗೆ ಹೇಳಿದರು. "ಅಜ್ಜಿ, ಹಗೇವಲ್ಲ ಅಂತ ಬರೆದರೆ ಇಲ್ಲಿ ನಿಮ್ಮ ಮನೆ ಏಳೋದಿಲ್ಲ. ಯೋಚನೆ ಮಾಡಿ ಹೇಳಿ."

"ಕಲ್ಲಿನವೂ ಇದ್ವಲ್ಲವ್ವಾ, ನೀ ಮರೆತಿದ್ದೀಯ" ಎಂದೆ. ನನ್ನ ದನಿ ಕೇಳಿ ನನಗೇ ಹೇಸಿಗೆಯಾಯಿತು.

ಅವ್ವ ಕಲ್ಲಿನ ಅಂಚನ್ನು ಸವರಿದಳು. "ಎಷ್ಟು ನಯವಾಗಿ ಜೋಡಿಸವ್ನೆ ನೋಡ್ಲಾ ಮೋಹನಾ. ರಾಗಿಗೆ ಯಾರಾದ್ರೂ ಇಷ್ಟು ಮಾಡ್ತಾರಾ? ಯಾರ ಮಗನೋ ಅವರವ್ವನ್ನ ಮಲಗಿಸಿರೋ ಮನೆ ಕಣ್ಲಾ ಇದು." ಆಮೇಲೆ ಮೇಡಂ ಕಡೆ ತಿರುಗಿದಳು. "ಬರ್ಕೊಳವ್ವ, ಅಗೇವಲ್ಲ."

ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಜಾಗ ಅವ್ವನ ಹೆಸರಲ್ಲಿತ್ತು, ಮಹಜರಿಗೆ ಅವಳದೇ ಸಹಿ ಬೇಕಿತ್ತು. ಒಂದೊಂದೇ ಅಕ್ಷರ ಕೂಡಿಸಿ ಹಾಕಿದಳು. ನನಗೆ ಅಳು ತಡೆಯಲಾಗಲಿಲ್ಲ. ಮನೆ ಹೋಯಿತೆಂದು ಅಳುತ್ತಿದ್ದೇನೆಂದುಕೊಂಡು ಮೇಡಂ ಸಮಾಧಾನ ಹೇಳಿದರು. ಅವ್ವನನ್ನು ಮಲಗಿಸುವ ದಿನ ನನಗೂ ಬರುತ್ತದೆಂದು ನಾನು ಅಲ್ಲಿಯತನಕ ಯೋಚಿಸಿಯೇ ಇರಲಿಲ್ಲ.