ಅಡುಗೆಮನೆಯ ಅಳತೆ

ಭಾನುವಾರ ಬಂದರೆ ಸಾಕು, ಪೊರಕೆ, ಬಕೆಟ್ಟು, ಹಳೇ ಬಟ್ಟೆ ಹಿಡಿದ ಹನ್ನೆರಡು ಮಂದಿ ಆ ದೊಡ್ಡ ಮನೆಗೆ ನುಗ್ಗುತ್ತಿದ್ದರು. ಸಂಬಳವಿಲ್ಲ, ಬಿಟ್ಟಿ ಚಹಾ ಮಾತ್ರ. ಹಳೆಯ ಮನೆಯನ್ನು ವಸ್ತುಸಂಗ್ರಹಾಲಯ ಮಾಡುವ ಹುಮ್ಮಸ್ಸು. ಅವರ ಕಟ್ಟಳೆ ಒಂದೇ: ಯಾರು ಯಾವ ಕೋಣೆ ಉಜ್ಜುತ್ತಾರೋ ಅದರ ವಿವರದ ಹಲಗೆಗೆ ಬರಹ ಅವರದೇ. ತಂಡದ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು ಒಪ್ಪಬೇಕು, ಅಷ್ಟೇ.

ದರ್ಜಿ ಅಕ್ಕನಿಗೆ ಅಡುಗೆಮನೆ ಸಿಕ್ಕಿತ್ತು. ಅವಳ ಅಜ್ಜಿ ನಲವತ್ತು ವರ್ಷ ಬೇಯಿಸಿದ್ದೂ ಬೆಂದದ್ದೂ ಅಲ್ಲೇ. ಉದ್ಘಾಟನೆಗೆ ಎರಡು ದಿನವಿರುವಾಗ ಬಡಗಿ ತಂದು ನಿಲ್ಲಿಸಿದ ಹಲಗೆಯಲ್ಲಿ ಮಾತ್ರ, ‘ಮನೆಯೊಡತಿ ಇಲ್ಲಿ ಸ್ವಹಸ್ತದಿಂದ ಅಡುಗೆ ಮಾಡಿ ನೂರಾರು ಜನರಿಗೆ ಬಡಿಸುತ್ತಿದ್ದರು’ ಎಂದಿತ್ತು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಮಾಸ್ಟ್ರೇ, ನಾನು ಬರೆದುಕೊಟ್ಟಿದ್ದು ಎಲ್ಲಿ?”

“ನಿಮ್ಮಜ್ಜಿ ವಿಷಯಕ್ಕೆ ದಾಖಲೆ ಇಲ್ವಲ್ಲಮ್ಮ. ಯಾವ ಕಾಗದದಲ್ಲೂ ಹೆಸರಿಲ್ಲ.”

“ಕಾಗದ ಬರೆದೋರು ಉಣ್ಣೋಕೆ ಕೂತಿದ್ರು. ಬೇಯಿಸ್ತಿದ್ದೋಳಿಗೆ ಬರೆಯೋಕೆ ಪುರುಸೊತ್ತೆಲ್ಲಿತ್ತು?”

ಬಡಗಿ ಕಿಸಕ್ಕನೆ ನಕ್ಕ. ಮಾಸ್ಟರು ಕನ್ನಡಕದ ಮೇಲಿಂದ ಗುರಾಯಿಸಿದರು. “ಹಲ್ಲು ಕಿರೀಬೇಡ. ಮೊದ್ಲು ಒಲೆ ಮೇಲಿರೋ ಆ ಸೌಟಿನ ಕೊಕ್ಕೆ ಕಿತ್ತು ಮೇಲಕ್ಕೆ ಹೊಡಿ. ನೋಡೋಕೆ ಬಂದೋರ ತಲೆಗೆ ಬಡಿಯತ್ತೆ.”

“ಮುಟ್ಟಿದ್ರೆ ಜೋಕೆ!”

ಅಕ್ಕನ ಕಣ್ಣು ಕೊಕ್ಕೆಯ ಮೇಲೆ ನಿಂತುಬಿಟ್ಟಿತ್ತು. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಒಡತಿಯ ರೇಷ್ಮೆ ನಿಲುವಂಗಿ ಹರಿದಿದ್ದಾಗ ಹೊಲಿಗೆ ಹಾಕಿ ಸರಿಮಾಡಿದವಳು ಅವಳೇ. ಅದರ ಅಳತೆ ಬಾಯಿಪಾಠ.

“ಹೆಗಲಿಂದ ಪಾದಕ್ಕೆ ಐವತ್ತೆಂಟು ಇಂಚು. ತಲೆ ಸೇರಿಸಿದ್ರೆ ಒಡತಿ ನಿಮ್ಮಷ್ಟೇ ಎತ್ತರ, ಮಾಸ್ಟ್ರೇ. ಬನ್ನಿ, ಈ ಒಲೆಕಟ್ಟೆ ಮುಂದೆ ನಿಂತು ಸ್ವಲ್ಪ ಸೌಟು ಆಡಿಸಿ.”

ಮಾಸ್ಟರು ಬಿಗುಮಾನದಿಂದಲೇ ನಿಂತರು. ಹಣೆ ಕೊಕ್ಕೆಗೆ ಠಣ್ಣೆಂದು ಬಡಿಯಿತು. ಕಟ್ಟೆ ತೊಡೆಯ ಮಟ್ಟಕ್ಕಿತ್ತು. ಬಗ್ಗಿ ನಾಲ್ಕು ಸುತ್ತು ತಿರುವುವಷ್ಟರಲ್ಲಿ ಸೊಂಟ ಹಿಡಿದುಕೊಂಡರು.

“ನಮ್ಮಜ್ಜಿ ನನ್ನ ಹೆಗಲಿಗೆ ಬರ್ತಿದ್ಲು,” ಎಂದಳು ಅಕ್ಕ, ಟೇಪನ್ನು ನೆಲದಿಂದ ಕೊಕ್ಕೆಗೆ ಎಳೆದು ತೋರಿಸುತ್ತ. “ಕಟ್ಟೆ, ಕೊಕ್ಕೆ, ಎಲ್ಲಾ ಅವಳ ಅಳತೇದು. ಇನ್ಯಾವ ದಾಖಲೆ ಬೇಕು?”

ಮಾಸ್ಟರು ಹಣೆ ಉಜ್ಜಿಕೊಳ್ಳುತ್ತ ನಿಂತರು. ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ ಮನುಷ್ಯನಿಗೆ ತನ್ನ ತಪ್ಪು ಒಪ್ಪುವುದೆಂದರೆ ಹಲ್ಲು ಕೀಳಿಸಿಕೊಂಡಂತೆ.

“ಆ ಹಲಗೆ ಕೀಸಿಬಿಡಪ್ಪ,” ಎಂದರು ಬಡಗಿಗೆ. “ಈಯಮ್ಮ ಹೇಳಿದ್ದನ್ನೇ ಬರಿ.”

“ಅಜ್ಜಿ ಹೆಸರು ಯಾವ ಸೈಜಲ್ಲಿ ಅಕ್ಕಾ?”

“ಮುಂಬಾಗಿಲಲ್ಲಿ ಯಜಮಾನಂದು ಎಷ್ಟಿದೆ?”

“ಗೇಣುದ್ದ ಅಕ್ಷರ.”

“ಅಷ್ಟೇ ಇರ್ಲಿ.”

“ಹಲಗೆ ಸಾಲಲ್ಲ.”

“ಇನ್ನೊಂದು ಜೋಡ್ಸು,” ಎಂದು ಅಕ್ಕ ಹಲಗೆಯ ಒಂದು ತುದಿ ಎತ್ತಿ ಹಿಡಿದಳು.