ತೊಂಬತ್ತರ ಗೆರೆ

ಗೋಡೆಯ ದೊಡ್ಡ ಪರದೆಯ ಮೇಲೆ ನಮ್ಮ ಕಂಪನಿಯ ಐದು ಘಟಕಗಳು ಐದು ಚೌಕಗಳಾಗಿ ಕಾಣುತ್ತಿದ್ದವು. ನಾಲ್ಕು ಹಸಿರು, ಒಂದು ಕೆಂಪು. ಆಸ್ಪತ್ರೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಹಿಂತಿರುಗಿಸುವುದು ನಮ್ಮ ಕೆಲಸ. ನೂರರಲ್ಲಿ ತೊಂಬತ್ತು ಮೂಟೆ ಹೊತ್ತಿಗೆ ಸರಿಯಾಗಿ ತಲುಪಿದರೆ ಹಸಿರು, ಕಡಿಮೆಯಾದರೆ ಕೆಂಪು. ಆ ಡ್ಯಾಶ್‌ಬೋರ್ಡ್ ಮಾಡಿದವಳು ನಾನು. ಕೆಂಪಗಿದ್ದ ನಾಲ್ಕನೇ ಘಟಕದಲ್ಲಿ ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದವಳು ನನ್ನ ಚಿಕ್ಕಮ್ಮ. ನನ್ನನ್ನು ಸಾಕಿ ಓದಿಸಿದವಳೂ ಅವಳೇ.

"ಎರಡು ತಿಂಗಳಿಂದ ಕೆಂಪು," ಎಂದರು ನಮ್ಮ ನಿರ್ದೇಶಕಿ ಮೇಡಂ. "ಇನ್ನು ಚರ್ಚೆ ಮಾಡೋಕೆ ಏನಿದೆ? ಮುಚ್ಚೋಣ."

ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಹಿಂದೆ ಇಂಥ ಸಭೆಗಳಲ್ಲಿ ಮಧ್ಯಾಹ್ನದವರೆಗೂ ಜಗಳವಾಗುತ್ತಿತ್ತಂತೆ. ಪರದೆ ಬಂದ ಮೇಲೆ ಅರ್ಧ ಗಂಟೆಯಲ್ಲಿ ಎಲ್ಲರೂ ಕಾಫಿಗೆ ಏಳಬಹುದು ಎಂದು ಸಾರಿಗೆ ಮ್ಯಾನೇಜರ್ ಹೊಗಳಿದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಲ್ಯಾಪ್‌ಟಾಪಿನ ವೈರಿನ ಹಾಗೆ, ಯಾರ ಕಣ್ಣಿಗೂ ಬೀಳದೆ ಕೂತಿದ್ದೆ.

ಆ ತೊಂಬತ್ತನ್ನು ಯಾರೂ ನಿರ್ಧರಿಸಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೆರೆ ಎಲ್ಲಿ ಹಾಕಲಿ ಎಂದು ಮೇಲಿನವರಿಗೆ ಎರಡು ಸಲ ಮೇಲ್ ಕಳಿಸಿದ್ದೆ. ಉತ್ತರ ಬರಲಿಲ್ಲ. ಮೂರನೇ ಸಲ ಕೇಳಲು ನಾಚಿಕೆಯಾಯಿತು. ಜಾಗ ಖಾಲಿ ಬಿಟ್ಟರೆ ಬಣ್ಣ ಬರುವುದಿಲ್ಲ, ಸದ್ಯಕ್ಕೆ ಇರಲಿ ಎಂದು ತೊಂಬತ್ತು ಹಾಕಿದೆ. ನೋಡಿದವರು ಯಾಕೆ ತೊಂಬತ್ತು ಎಂದು ಕೇಳಿಯೇ ಕೇಳುತ್ತಾರೆ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಅದೇ ಗೆರೆ ನೋಡಿ ಕಳೆದ ವರ್ಷ ಎರಡು ಘಟಕ ಮುಚ್ಚಿದರು.

ನಾಲ್ಕನೆಯದು ಯಾಕೆ ತಡವಾಗುತ್ತದೆಂದು ಚಿಕ್ಕಮ್ಮ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಆಪರೇಷನ್ ಥಿಯೇಟರಿನ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ರಕ್ತದ ಕಲೆ ಒಂದೇ ಒಗೆತಕ್ಕೆ ಹೋಗುವುದಿಲ್ಲ. ನನ್ನ ಚೌಕದಲ್ಲಿ ಅದಕ್ಕೆ ಜಾಗವಿರಲಿಲ್ಲ. "ಏನಮ್ಮಾ ಬಣ್ಣದ ಹುಡುಗಿ, ಇವತ್ತು ನಮಗೇನು ಬಳಿದೆ?" ಎಂದು ಅವಳು ರೇಗಿಸಿದರೆ ನಾನು ತಟ್ಟೆ ನೋಡುತ್ತ ನಗುತ್ತಿದ್ದೆ.

ಸಭೆ ಮುಗಿದ ಮೇಲೆ ಮೇಡಂ ಕೋಣೆಯ ಹೊರಗೆ ಎಷ್ಟು ಹೊತ್ತು ನಿಂತೆನೋ. ಕೊನೆಗೆ ಒಳಗೆ ಹೋಗಿ, ನೆಲ ನೋಡುತ್ತಲೇ ಎಲ್ಲ ಹೇಳಿಬಿಟ್ಟೆ. ರಕ್ತದ ಬಟ್ಟೆಯ ವಿಷಯ, ಉತ್ತರ ಬಾರದ ಮೇಲ್, ಚಿಕ್ಕಮ್ಮನ ವಿಷಯ, ಎಲ್ಲ.

ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದರು.

"ಮುಚ್ಚಿದ ಆ ಎರಡು ಎಷ್ಟಿದ್ದವು?"

"ಎಂಬತ್ತೆಂಟು... ಎಂಬತ್ತಾರು."

"ಅಲ್ಲಿದ್ದ ಅರವತ್ತು ಜನಕ್ಕೆ ಈಗ ಏನಂತ ಹೇಳೋಣ?"

ಮೇಡಂ ಮತ್ತೆ ಕುರ್ಚಿಯಲ್ಲಿ ಕೂತರು.

"ಬೇರೆ ಯಾರಿಗಾದರೂ ಹೇಳಿದ್ದೀಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ತೊಂಬತ್ತೇ ನಮ್ಮ ನಿಯಮ. ಯಾಕೆ ತೊಂಬತ್ತು ಅಂತ ಒಂದು ಪುಟ ಬರೆದುಕೊಡು, ಸಂಜೆಯೊಳಗೆ. ತಪ್ಪು ನಿನ್ನದು ಅಂತ ನಾನು ಹೇಳ್ತಿಲ್ಲಮ್ಮ. ಹೇಳಲೇಬೇಕಾಗಿ ಬಂದರೆ ಮಾತ್ರ ಹಾಗೇ ಹೇಳಬೇಕಾಗುತ್ತೆ."

ಬರೆದೆ. ಬರೆಯುವುದೊಂದೇ ನನಗೆ ಯಾರ ಹೆದರಿಕೆಯೂ ಇಲ್ಲದೆ ಬರುವ ಕೆಲಸ. ಆ ಪುಟ ಚೆನ್ನಾಗಿಯೇ ಬಂತು. ಮೇಡಂ ಒಂದು ಅಕ್ಷರ ತಿದ್ದದೆ ಕೆಳಗೆ ಸಹಿ ಹಾಕಿದರು.

ಎರಡು ವಾರದ ಮೇಲೆ ಚಿಕ್ಕಮ್ಮ ಕಂಪನಿಯ ಒಂದು ಲಕೋಟೆ ಹಿಡಿದುಕೊಂಡು ಮನೆಗೆ ಬಂದಳು. ಸೋಮವಾರ ನಾಲ್ಕನೇ ಘಟಕದವರೆಲ್ಲ ಸೇರಿ ಆಫೀಸಿಗೆ ಹೋಗಿ ಕೇಳುವುದೆಂದು ಮಾತಾಗಿತ್ತಂತೆ. ಮುಂದೆ ನಿಂತು ಮಾತಾಡುವವಳು ಇವಳೇ. ಏನು ಬರೆದಿದ್ದಾರೋ ಸರಿಯಾಗಿ ಗೊತ್ತಿರಲಿ, ಓದಿ ಹೇಳು ಎಂದು ನನ್ನ ಕೈಗೆ ಕೊಟ್ಟು, ತರಕಾರಿ ಹೆಚ್ಚುತ್ತ ಕೂತಳು.

ಮೊದಲ ಹಾಳೆಯಲ್ಲಿ ಎರಡೇ ಸಾಲು, ಘಟಕ ಮುಚ್ಚುತ್ತಿದ್ದೇವೆ ಎಂದು. ಎರಡನೆಯದು ನನ್ನ ಪುಟ.

"ಒಮ್ಮೆ ತೊಂಬತ್ತರ ಕೆಳಗಿಳಿದ ಘಟಕ ಮತ್ತೆ ಚೇತರಿಸಿಕೊಳ್ಳುವುದು ಅಪರೂಪವೆಂದು ನಮ್ಮ ಅನುಭವ ತೋರಿಸಿದೆ," ಎಂದು ಓದಿದೆ.

ಚಾಕು ನಿಂತಿತು. "ನಿಧಾನಕ್ಕೆ ಓದು." ಇನ್ನೊಮ್ಮೆ ಓದಿದೆ.

"ಅಳೆದೂ ತೂಗಿ ಬರೆದಿದಾರೆ ಕಣೇ," ಎಂದಳು ಚಿಕ್ಕಮ್ಮ. ಅವಳ ದನಿ ಇಳಿದಿತ್ತು. "ಯಾರೋ ಮನಸ್ಸಿಗೆ ಬಂದ ಹಾಗೆ ಮಾಡಿದಾರೆ ಅಂದ್ಕೊಂಡು ನಾನು ಜಗಳಕ್ಕೆ ಹೊರಟಿದ್ದೆ. ಇಷ್ಟೊಂದು ಯೋಚನೆ ಮಾಡಿದವರ ಹತ್ರ ಏನಂತ ಜಗಳ ಆಡ್ಲಿ, ಹೇಳು."

ಹೇಳಬೇಕೆಂದು ಬಾಯಿ ತೆರೆದೆ.

"ಇರಲಿ, ಮುಂದೆ ಓದು," ಎಂದಳು.

ನಾನು ಮುಂದಿನ ಸಾಲು ಓದಿದೆ.