ಗೆರೆ ಸೇರುವ ಸಂದಿ

“ಒಂದ್ಸಲ ಓದ್ಕೊಂಡು ಸಹಿ ಹಾಕಿ ಸರ್,” ಎಂದು ವಕೀಲೆ ಹಾಳೆಯನ್ನು ಅಪ್ಪನ ಮುಂದೆ ಸರಿಸಿದರು. ಅಪ್ಪ ಕನ್ನಡಕ ಒರೆಸಿಕೊಂಡರು. ಆಗಲೇ ಸಹಿ ಹಾಕಿ ಮುಗಿಸಿದ್ದ ಮಗಳು ಕಿಟಕಿಯ ಕಡೆ ನೋಡುತ್ತ ಕೂತಳು.

ಮೂವತ್ತು ವರ್ಷ ಪತ್ರಿಕೆಯೊಂದಕ್ಕೆ ಶೀರ್ಷಿಕೆಯ ಅಕ್ಷರ ಬರೆದ ಕೈ ಅಪ್ಪನದು. ಆ ಅಕ್ಷರಗಳನ್ನು ಮಗಳು ಮೂರು ವರ್ಷ ಬೆನ್ನು ಬಗ್ಗಿಸಿ ಕೂತು ಕಂಪ್ಯೂಟರ್ ಫಾಂಟ್ ಮಾಡಿದ್ದಳು. ಈಗ ದೊಡ್ಡ ಕಂಪನಿಯೊಂದು ಅವಕ್ಕೇ ಬೇರೆ ಹೆಸರಿಟ್ಟು ಊರಿಗೆಲ್ಲ ಹಂಚುತ್ತಿತ್ತು. “ದುಡ್ಡು ಹಾಳಾಗ್ಲಿ, ನನ್ನ ಹೆಸರೊಂದು ಇರ್ಲಿ,” ಎನ್ನುವುದು ಅಪ್ಪನ ಒಂದೇ ಹಟ.

“ಅಕ್ಷರದ ಆಕಾರ ಯಾರ ಸ್ವತ್ತು ಅನ್ನೋದ್ರಲ್ಲಿ ಕಾನೂನೇ ಇನ್ನೂ ತೊದಲ್ತಾ ಇದೆ,” ಎಂದರು ವಕೀಲೆ. “ಆದ್ರೆ ಫಾಂಟ್ ಫೈಲು ಅಂದ್ರೆ ಒಂದು ಪ್ರೋಗ್ರಾಮು. ಅದನ್ನೇ ಕದ್ದಿದ್ದಾರೆ ಅಂದ್ರೆ ನಮ್ಮ ಕೈ ಮೇಲು. ಬರೀ ನೋಡ್ಕೊಂಡು ಬರೆದಿದ್ದಾರೆ ಅಂದ್ರೆ ಕೇಸು ನಿಲ್ಲೋದೇ ಅನುಮಾನ. ಅದಕ್ಕೇ, ಫೈಲು ಕದ್ದಿದ್ದಾರೆ ಅಂತ ನೀವಿಬ್ರೂ ಪ್ರಮಾಣ ಮಾಡ್ತಿದ್ದೀರಿ.”

ಅಪ್ಪನ ಬೆರಳು ಮೇಲಿನ ‘ಪ್ರಮಾಣಪತ್ರ’ ಎಂಬ ದಪ್ಪ ಶೀರ್ಷಿಕೆಯ ಮೇಲೇ ನಿಂತಿತ್ತು.

“ಇದನ್ನ ಯಾವ ಅಕ್ಷರದಲ್ಲಿ ಹೊಡೆಸಿದ್ರಿ ಅಮ್ಮಾ?”

ವಕೀಲೆ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡರು. “ಅಯ್ಯೋ! ನಮ್ಮ ಟೈಪಿಸ್ಟ್ ಕಂಪ್ಯೂಟರಲ್ಲಿ ಇದೇ ಇತ್ತು ಅಂತ ಕಾಣುತ್ತೆ. ಆ ಕಂಪನಿಯವರ ಫಾಂಟೇ!”

ಬೇರೆ ದಿನವಾಗಿದ್ದರೆ ಮೂವರೂ ಹೊಟ್ಟೆ ಹಿಡಿದುಕೊಂಡು ನಗಬಹುದಿತ್ತು. ಅಪ್ಪ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

“ಪತ್ರಿಕೆ ಕಾಗದದಲ್ಲಿ ಮಸಿ ಹರಡುತ್ತೆ. ಅದಕ್ಕೇ ಗೆರೆ ಗೆರೆ ಸೇರೋ ಸಂದೀಲಿ ಕೂದಲೆಳೆಯಷ್ಟು ಜಾಗ ಬಿಡ್ತಿದ್ದೆ. ನಿನ್ನ ಫೈಲಲ್ಲೂ ಆ ಜಾಗ ಇದೆ ಅಲ್ವಾ ಮಗಳೇ? ಇಲ್ಲಿ ನೋಡು, ಅಚ್ಚಾದ ಪತ್ರಿಕೇಲಿ ಮಸಿ ಹರಡಿದ ಹಾಗೇ ಸಂದಿಯೆಲ್ಲ ತುಂಬ್ಕೊಂಡಿದೆ. ಹಳೇ ಪತ್ರಿಕೆ ಮುಂದಿಟ್ಕೊಂಡು ಅದರ ಮೇಲೇ ತಿದ್ದಿದ್ದಾರೆ. ನಿನ್ನ ಫೈಲು ಮುಟ್ಟಿಲ್ಲ ಇವರು.”

ಮಗಳ ಮುಖ ಕೆಂಪಾಯಿತು. ತಿಂಗಳ ಹಿಂದೆಯೇ ಅವಳಿಗೆ ಅದು ಕಂಡಿತ್ತು. ಪೊರೆ ಬಂದ ಅಪ್ಪನ ಕಣ್ಣಿಗೆ ಎಲ್ಲಿ ಕಾಣಬೇಕು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತಪ್ಪ. ನಿಮ್ಮ ಹೆಸರು ಬರ್ಲಿ ಅಂತ…”

ವಕೀಲೆ ಪೆನ್ನಿನ ಮುಚ್ಚಳ ಹಾಕಿದರು. “ಇಷ್ಟು ಗೊತ್ತಾದ್ಮೇಲೆ ಇದನ್ನ ಕೋರ್ಟಿಗೆ ತಗೊಂಡು ಹೋಗೋಕಾಗಲ್ಲ ಸರ್.”

ಅಪ್ಪ ಬೈಯಲಿಲ್ಲ. ಮೇಜಿನ ಮೇಲಿದ್ದ ಗುಂಡುಸೂಜಿಯೊಂದನ್ನು ಎತ್ತಿಕೊಂಡು ಅದರ ತುದಿಯನ್ನು ವೈಟ್ನರ್ ಸೀಸೆಯಲ್ಲಿ ಅದ್ದಿದರು. ಶೀರ್ಷಿಕೆಯ ಮೊದಲ ಅಕ್ಷರದಲ್ಲಿ ಗೆರೆಗಳು ಕೂಡುವ ಕಡೆ ಸಣ್ಣಗೆ ಒಂದು ಬಿಳಿ ಚುಕ್ಕೆ ಇಟ್ಟು ಸಂದಿ ಬಿಡಿಸಿದರು. ಎರಡನೆಯ ಅಕ್ಷರಕ್ಕೆ ಬರುವಾಗ ಹಾಳೆ ಜಾರಿತು.

ಮಗಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹಾಳೆಯ ಎರಡೂ ಅಂಚನ್ನು ಒತ್ತಿ ಹಿಡಿದಳು.